ಕಾಫಿನ್ ವರ್ಕ್ಸ್‌ನಲ್ಲಿ ಒಂದು ಮಧ್ಯಾಹ್ನ

"ನಾಳೆ ಶವಪೆಟ್ಟಿಗೆ ಕಾರ್ಖಾನೆ ನೋಡೋಕೆ ಹೋಗ್ತಿದ್ದೀನಿ" ಎಂದೆ. "ಬಿಡ್ತು ಅನ್ನು! ಅಷ್ಟು ದೂರ ಹೋಗಿ ನೋಡೋಕೆ ಅದೇ ಸಿಕ್ತಾ?" ಎಂದು ಅಮ್ಮ ಫೋನಿನಲ್ಲೇ ಬೈದರು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಡವೆ ಮಾಡುವವರ ಹಳೆಯ ಬಡಾವಣೆ ಜ್ಯುವೆಲರಿ ಕ್ವಾರ್ಟರ್. ಅಲ್ಲಿ ಫ್ಲೀಟ್ ಸ್ಟ್ರೀಟ್ ಎಂಬ ರಸ್ತೆ. ಅಲ್ಲೊಂದು ಮೂರಂತಸ್ತಿನ ಕೆಂಪು ಇಟ್ಟಿಗೆ ಕಟ್ಟಡ. ಹೆಸರು ಕಾಫಿನ್ ವರ್ಕ್ಸ್. ಹಾಗಂತ ಇಲ್ಲಿ ಪೆಟ್ಟಿಗೆ ಮಾಡುತ್ತಿರಲಿಲ್ಲ. ಪೆಟ್ಟಿಗೆಗೆ ಹಾಕುವ ಹಿತ್ತಾಳೆ ಹಿಡಿಗಳು, ಹೆಸರಿನ ಫಲಕ, ಶಿಲುಬೆ, ಹೆಣಕ್ಕೆ ತೊಡಿಸುವ ಬಟ್ಟೆ, ಇಷ್ಟೇ. ನ್ಯೂಮನ್ ಬ್ರದರ್ಸ್ ಕಂಪನಿ 1894ರಲ್ಲಿ ಇಲ್ಲಿಗೆ ಬಂತು. 1998ರವರೆಗೂ ಇದೇ ಕೆಲಸ. ಚರ್ಚಿಲ್ ಶವಪೆಟ್ಟಿಗೆಗೂ ಇಲ್ಲಿಂದಲೇ ಸಾಮಾನು ಹೋಗಿತ್ತಂತೆ. ನಮ್ಮಲ್ಲಿ ಚಟ್ಟಕ್ಕೆ ಎರಡು ಬಿದಿರು, ಒಂದಿಷ್ಟು ಹಗ್ಗ ಸಾಕು. ಇಲ್ಲಿ ಅದಕ್ಕೊಂದು ಕಾರ್ಖಾನೆ!

ರಸ್ತೆ ಕಡೆಯ ಭಾಗದಲ್ಲಿ ಆಫೀಸು, ಗೋದಾಮು. ಗಿರಾಕಿಗಳು ನೋಡುವ ಮುಖ, ಸ್ವಲ್ಪ ಠಾಕುಠೀಕು. ನನಗೆ ಹಿಡಿಸಿದ್ದು ಒಳಗಿನ ಅಂಗಳ. ಅದರ ಪಕ್ಕಕ್ಕೆ ಕೆಲಸದ ಕೋಣೆಗಳ ಉದ್ದನೆ ಸಾಲು. ಅಗಲ ತೀರಾ ಕಡಿಮೆ, ಗೋಡೆಯಲ್ಲಿ ಕಿಟಕಿಗಳೇ ಜಾಸ್ತಿ. ಜಿಪುಣತನ ಅಂದುಕೊಂಡಿದ್ದೆ, ಅಲ್ಲ. ಕೈಕೆಲಸಕ್ಕೆ ಹಗಲ ಬೆಳಕು ಬೇಕು. ಕೋಣೆ ಅಗಲವಾದರೆ ಒಳಗಿನ ಬೆಂಚಿಗೆ ಕತ್ತಲು. ಈ ಬಡಾವಣೆಯ ಹಳೆಯ ವರ್ಕ್‌ಶಾಪುಗಳೆಲ್ಲ ಹೆಚ್ಚುಕಡಿಮೆ ಹೀಗೇ.

ನೆಲದ ಅಂತಸ್ತಿನಲ್ಲಿ ಸ್ಟ್ಯಾಂಪ್ ರೂಮ್, ಅಂದರೆ ತಗಡಿಗೆ ಅಚ್ಚೊತ್ತುವ ಕೋಣೆ. ಗೈಡ್ ಅಚ್ಚಿನ ಮೇಲೆ ತೆಳು ತಗಡಿಟ್ಟು ಹಗ್ಗ ಎಳೆದರು. ಕಬ್ಬಿಣದ ಭಾರ ಮೇಲೇರಿತು. ಬಿಟ್ಟರು. ಧಡ್! ಸದ್ದು ಕಿವಿಗೆ ಬಂದಂತೆ ಅಂಗಾಲಿಗೂ ಬಂತು. ತಗಡಿನಲ್ಲಿ ಹೂಬಳ್ಳಿ ಮೂಡಿತ್ತು. ಈ ಯಂತ್ರಗಳು ಯಾಕೆ ನೆಲದ ಅಂತಸ್ತಿನಲ್ಲೇ ಇವೆ ಅಂತ ಆಮೇಲೆ ಕೇಳುವ ಅಗತ್ಯವೇ ಬೀಳಲಿಲ್ಲ. ಹೊಲಿಗೆ ಕೋಣೆ ಮೇಲಿದೆ. ಬಟ್ಟೆ ಹಗುರ ಅಲ್ವಾ.

ಕಟ್ಟಡ ಉಳಿದದ್ದರ ಹಿಂದೆ ಜಾಯ್ಸ್ ಗ್ರೀನ್ ಎಂಬ ಮಹಿಳೆಯ ಹಟ ಇದೆ. 1949ರಲ್ಲಿ ಕಾರ್ಯದರ್ಶಿಯಾಗಿ ಸೇರಿ, ಕೊನೆಗೆ ಕಂಪನಿಯ ಒಡತಿಯಾದವರು. ಬಾಗಿಲು ಮುಚ್ಚಿದ ಮೇಲೂ ಇದು ಮ್ಯೂಸಿಯಂ ಆಗಬೇಕೆಂದು ಪಟ್ಟು ಹಿಡಿದರು. 2014ರಲ್ಲಿ ಆಯಿತು. ಕಪಾಟುಗಳಲ್ಲಿ ಮಾರಾಟವಾಗದ ಹಿಡಿಗಳು ಹಾಗೇ ಕೂತಿವೆ.

ರಾತ್ರಿ ಅಮ್ಮನಿಗೆ ವರದಿ ಒಪ್ಪಿಸಿದೆ. ಬ್ರಿಟನ್ನಿನಲ್ಲಿ 1960ರ ದಶಕದ ಕೊನೆಯಿಂದ ಹೂಳುವುದಕ್ಕಿಂತ ಸುಡುವುದೇ ಜಾಸ್ತಿ. ಬೆಂಕಿಗೆ ಹೋಗುವ ಪೆಟ್ಟಿಗೆಗೆ ಹಿತ್ತಾಳೆ ಯಾಕೆ? ಪ್ಲಾಸ್ಟಿಕ್ ಹಿಡಿ ಬಂತು, ಇವರ ವ್ಯಾಪಾರ ಬಿತ್ತು.

"ಅವರೂ ಸುಡ್ತಾರಾ?" ಎಂದರು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಮೊದಲು ತಲೆಗೆ ಸ್ನಾನ ಮಾಡು" ಎಂದು ಫೋನಿಟ್ಟರು.