34 ರೋಗಿಗಳು, 15 ಸಹೋದ್ಯೋಗಿಗಳು: ಬ್ರಿಟನ್ನಿನಲ್ಲಿ ವೈದ್ಯರ ಫೀಡ್‌ಬ್ಯಾಕ್

ಹೊರದೇಶದಲ್ಲಿ ಓದಿದ ವೈದ್ಯರಿಗಿರುವ ಪ್ಲ್ಯಾಬ್ ಪರೀಕ್ಷೆ ಪಾಸಾಗಿ, ಬ್ರಿಟನ್ನಿನಲ್ಲಿ ವೈದ್ಯರಿಗೆ ಲೈಸೆನ್ಸ್ ಕೊಡುವ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಆಯಿತೆಂದರೆ ಪರೀಕ್ಷೆಗಳ ಕಾಟ ತೀರಿತು ಎಂದು ಊರಿನಿಂದ ಬರುವ ವೈದ್ಯರು ಅಂದುಕೊಳ್ಳುತ್ತಾರೆ. ಆದರೆ 2012ರ ಡಿಸೆಂಬರ್‌ನಿಂದ ಇಲ್ಲಿ ಲೈಸೆನ್ಸ್ ಉಳಿಯಬೇಕಾದರೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ರೀವ್ಯಾಲಿಡೇಶನ್, ಅಂದರೆ ವೃತ್ತಿಗೆ ಈಗಲೂ ಅರ್ಹರೆಂಬ ಮರುದೃಢೀಕರಣ, ಆಗಬೇಕು. ವರ್ಷಕ್ಕೊಂದು ಅಪ್ರೈಸಲ್ (ಕೆಲಸದ ಪರಾಮರ್ಶೆ) ಇದ್ದೇ ಇದೆ. ಜೊತೆಗೆ ಆ 5 ವರ್ಷದೊಳಗೆ ಒಮ್ಮೆಯಾದರೂ ರೋಗಿಗಳಿಂದ, ಸಹೋದ್ಯೋಗಿಗಳಿಂದ ಕ್ರಮಬದ್ಧವಾಗಿ ಅಭಿಪ್ರಾಯ ಪಡೆಯಬೇಕು.

ಕೌನ್ಸಿಲ್ಲಿನ ಪ್ರಶ್ನಾವಳಿಗೆ 34 ರೋಗಿಗಳ, 15 ಸಹೋದ್ಯೋಗಿಗಳ ಉತ್ತರ ಬೇಕೆನ್ನುತ್ತಾರೆ. ಅದಕ್ಕಿಂತ ತೀರಾ ಕಡಿಮೆಯಾದರೆ ಒಬ್ಬಿಬ್ಬರ ಮುನಿಸೋ ಮೆಚ್ಚುಗೆಯೋ ಸರಾಸರಿಯನ್ನು ಎಳೆದಾಡುತ್ತದೆ. ಎಲ್ಲರೂ ತುಂಬಿ ಕೊಡುವುದಿಲ್ಲ; 50 ಫಾರಂ ಹಂಚಿ, 20 ಸಹೋದ್ಯೋಗಿಗಳಿಗೆ ಲಿಂಕ್ ಕಳಿಸಿ. ಫಾರಂ ಕೊಡಬೇಕಾದವರು ರಿಸೆಪ್ಶನ್‌ನವರು, ವೈದ್ಯರಲ್ಲ. ಅದೂ ಸಾಲಾಗಿ, ಬಂದವರಿಗೆಲ್ಲ. ಸಿಟ್ಟಿನಲ್ಲಿ ಹೊರಟವರನ್ನು ಬಿಟ್ಟು ನಗುತ್ತ ಬಂದವರಿಗೇ ಕೊಟ್ಟರೆ ಆ ಕಾಗದಕ್ಕೆ ಬೆಲೆಯಿಲ್ಲ. ತುಂಬಿದ ಫಾರಂ ಮುಚ್ಚಿದ ಪೆಟ್ಟಿಗೆಗೆ ಬೀಳಬೇಕು, ಲೆಕ್ಕ ಹಾಕುವುದು ಬೇರೆಯವರ ಕೆಲಸ. ಸಹೋದ್ಯೋಗಿಗಳ ಪಟ್ಟಿಯಲ್ಲಿ ಬರೀ ಹಿರಿಯ ತಜ್ಞರಾದ ಕನ್ಸಲ್ಟೆಂಟ್‌ಗಳಿದ್ದರೆ ಸಾಲದು. ನರ್ಸ್, ಫಾರ್ಮಸಿಸ್ಟ್, ವಾರ್ಡ್ ಕ್ಲರ್ಕ್, ಕಿರಿಯ ವೈದ್ಯರು ಎಲ್ಲರೂ ಇರಲಿ. ರಾತ್ರಿ ಎರಡು ಗಂಟೆಗೆ ಬ್ಲೀಪ್ ಮಾಡಿದಾಗ (ಪೇಜರ್ ಮೂಲಕ ಕರೆದಾಗ) ನೀವು ಹೇಗೆ ಮಾತಾಡುತ್ತೀರಿ ಎಂಬುದು ನರ್ಸಿಗೆ ಗೊತ್ತು, ಬಾಸಿಗೆ ಗೊತ್ತಿರುವುದಿಲ್ಲ.

ವರದಿ ಬಂದಾಗ ಹೆಚ್ಚಿನವರು ಮೊದಲು ಅಂಕ ನೋಡುತ್ತಾರೆ. ಎಡವುವುದು ಇಲ್ಲೇ. ಬಹುಪಾಲು ರೋಗಿಗಳು ‘ತುಂಬಾ ಚೆನ್ನಾಗಿದೆ’ ಎಂದೇ ಗುರುತು ಹಾಕುವುದರಿಂದ ಎಲ್ಲರ ಅಂಕವೂ ಮೇಲ್ತುದಿಯಲ್ಲಿ ಗುಂಪುಗಟ್ಟಿರುತ್ತದೆ. ‘ಸರಾಸರಿಗಿಂತ ಕೆಳಗೆ’ ಎಂದರೂ ವ್ಯತ್ಯಾಸ ಕೂದಲೆಳೆಯಷ್ಟಿರಬಹುದು. ಯುರೋಪಿನ ಹೊರಗೆ ಓದಿದವರಿಗೆ ಅಂಕ ತುಸು ಕಡಿಮೆ ಬೀಳುವುದು ಇಲ್ಲಿನ ಅಧ್ಯಯನದಲ್ಲೇ ಕಂಡಿದೆ. ತಮ್ಮ ಮಾಮೂಲಿ ವೈದ್ಯರನ್ನು ನೋಡಲು ಬಂದ ರೋಗಿಗಳು ಹೆಚ್ಚಿದ್ದಷ್ಟೂ ಅಂಕ ಏರುತ್ತದೆ. ಹಾಗಾಗಿ ಸಂಖ್ಯೆ ಕಂಡು ಕುಗ್ಗಬೇಡಿ. ಹಾಗೆಂದು ಪಕ್ಷಪಾತ ಎಂದು ವರದಿಯನ್ನು ಪಕ್ಕಕ್ಕೆ ಸರಿಸಲೂಬೇಡಿ.

ಉಪಯೋಗಕ್ಕೆ ಬರುವುದು ಎರಡು. ಒಂದು, ನೀವೇ ಮೊದಲು ತುಂಬಿದ ಸ್ವಮೌಲ್ಯಮಾಪನಕ್ಕೂ ರೋಗಿಗಳ ಉತ್ತರಕ್ಕೂ ಇರುವ ಅಂತರ. ಇನ್ನೊಂದು, ಕೊನೆಯಲ್ಲಿ ಅವರು ಕೈಯಾರೆ ಬರೆದ ಸಾಲುಗಳು. ಒಂದೇ ಮಾತು ಮೂರು ಕಡೆ ಬಂದಿದ್ದರೆ ಅದನ್ನು ಹಿಡಿಯಿರಿ. ‘ಕಂಪ್ಯೂಟರ್ ನೋಡುತ್ತಲೇ ಮಾತಾಡಿದರು’ ಎಂದಿದ್ದರೆ ‘ಸಂವಹನ ಸುಧಾರಿಸುತ್ತೇನೆ’ ಎಂದು ಬರೆದುಕೊಟ್ಟರೆ ಏನೂ ಬದಲಾಗದು. ಮೊದಲ ಒಂದು ನಿಮಿಷ ಕೀಬೋರ್ಡ್ ಮುಟ್ಟುವುದಿಲ್ಲ, ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತೇನೆ, ‘ಯಾವುದರ ಬಗ್ಗೆ ನಿಮಗೆ ಭಯ?’ ಎಂದು ಕೇಳುತ್ತೇನೆ: ಹೀಗೆ ಮಾಡಬಲ್ಲದ್ದನ್ನು ಬರೆಯಿರಿ. ನಮ್ಮೂರ ಓಪಿಡಿಯ ಜನಜಂಗುಳಿಯಲ್ಲಿ ಕಲಿತವರಿಗೆ ಆ ಕೊನೆಯ ಪ್ರಶ್ನೆ ಬಾಯಿಗೆ ಬರಲು ಸಮಯ ಹಿಡಿಯುತ್ತದೆ. ಆದರೂ ರೂಢಿಸಿಕೊಳ್ಳಿ, ರೋಗಿ ಹೇಳದೆ ನುಂಗಿಕೊಂಡದ್ದು ಹೊರಬರುವುದು ಅಲ್ಲೇ.

ಇದನ್ನೆಲ್ಲ ಐದನೇ ವರ್ಷಕ್ಕೆ ಉಳಿಸಿಕೊಳ್ಳಬೇಡಿ. ಎರಡನೇ ವರ್ಷದಲ್ಲೇ ಮುಗಿಸಿದರೆ ಬದಲಾವಣೆ ನಿಜಕ್ಕೂ ನೆಲೆಯೂರಿತೇ ಎಂದು ಮುಂದಿನ ವರ್ಷ ಇನ್ನೊಂದು ಸುತ್ತು ಕೇಳಿ ನೋಡಲು ಸಮಯ ಇರುತ್ತದೆ.