ಒಳಬಾಗಿಲಿಗೆ ಹೊಸ ಅಂಚುಪಟ್ಟಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಾವು ಕೊಂಡ ಮೊಬೈಲ್ ಹೋಮ್ 1979ರಲ್ಲಿ ಕಾರ್ಖಾನೆಯಲ್ಲಿ ತಯಾರಾಗಿ, ಎರಡು ಭಾಗಗಳಲ್ಲಿ ರಸ್ತೆಯ ಮೇಲೆ ಬಂದು ಇಲ್ಲಿ ಒಂದಾದ ಮನೆ. ಒಳಬಾಗಿಲುಗಳ ಸುತ್ತ ಮರದ ಗೆರೆ ಅಚ್ಚಾದ ಕಾಗದ ಹೊದಿಸಿದ ತೆಳುಪಟ್ಟಿಗಳಿದ್ದವು. ಅವು ಸುಲಿದು ಹೋಗಿದ್ದರಿಂದ, ಕಳೆದ ಚಳಿಗಾಲದ ಒಂದು ಶನಿವಾರ ಅಡುಗೆಮನೆಯ ಬಾಗಿಲಿಗೆ ಎರಡೂಕಾಲು ಅಂಗುಲ ಅಗಲದ ಪೈನ್ ಪಟ್ಟಿಗಳನ್ನು ಹೊಡೆಯಲು ಕುಳಿತೆ.

ನಮ್ಮೂರಿನಲ್ಲಿ ಬಾಗಿಲುವಾಡವನ್ನು ಪೂಜೆ ಮಾಡಿ ನಿಲ್ಲಿಸಿದ ಮೇಲೆ ಗೋಡೆ ಅದಕ್ಕೆ ಹೊಂದಿಕೊಂಡು ಏಳುತ್ತದೆ, ಗಾರೆ ಬಂದು ಮರವನ್ನು ಮುಟ್ಟುತ್ತದೆ. ಇಲ್ಲಿ ಗೋಡೆ ಮೊದಲು, ಚೌಕಟ್ಟು ಆಮೇಲೆ. ನಡುವೆ ಉಳಿದ ಸಂದನ್ನು ಮುಚ್ಚುವುದೇ ಈ ಪಟ್ಟಿಯ ಕೆಲಸ.

ಹಳೆಯ ಪಟ್ಟಿ ಕಿತ್ತಾಗ, ಅದರ ಪಿನ್ನುಗಳಲ್ಲಿ ಹೆಚ್ಚಿನವು ಗೋಡೆಯ ಮೇಲ್ಮೈಯಾದ, ವಿನೈಲ್ ಹೊದಿಸಿದ ಜಿಪ್ಸಮ್ ಹಲಗೆಯನ್ನಷ್ಟೇ ಹಿಡಿದಿದ್ದುದು ಕಂಡಿತು. ಸಾಮಾನ್ಯ ಮನೆಗಳಲ್ಲಿ ಅರ್ಧ ಅಂಗುಲ ದಪ್ಪವಿರುವ ಈ ಹಲಗೆ ನಮ್ಮಲ್ಲಿ 5/16 ಅಂಗುಲ ಮಾತ್ರ. ಅದು ಮೊಳೆಯನ್ನು ಹಿಡಿದಿಡುವುದಿಲ್ಲ. ಆದ್ದರಿಂದ ಪಟ್ಟಿಯ ಒಳ ಅಂಚಿಗೆ ಚೌಕಟ್ಟಿನ ಮರಕ್ಕೆ ಇಳಿಯುವ ಒಂದೂಕಾಲು ಅಂಗುಲದ ಸಣ್ಣ ಮೊಳೆಗಳನ್ನೂ, ಹೊರ ಅಂಚಿಗೆ ಹಲಗೆಯನ್ನು ದಾಟಿ ಗೋಡೆಯೊಳಗಿನ ನಿಲುಮರವನ್ನು ಮುಟ್ಟುವ ಎರಡು ಅಂಗುಲದವನ್ನೂ ಬಳಸಿದೆ.

ನಿಜವಾದ ಕಷ್ಟ ಎದುರಾದದ್ದು, ಮೇಲಿನ ಪಟ್ಟಿಯೂ ಪಕ್ಕದ ಪಟ್ಟಿಯೂ ಓರೆಯಾಗಿ ಕತ್ತರಿಸಿಕೊಂಡು ಕೂಡುವ ಮೂಲೆಗಳಲ್ಲಿ. ಉಕ್ಕಿನ ತೊಲೆಗಳ ಮೇಲೆ ಕೂತು, ಆ ತೊಲೆಗಳು ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಂತಿರುವ ಈ ಮನೆಯಲ್ಲಿ, ನೆಲ ಎಲ್ಲಿ ಕುಸಿದರೂ ಬಾಗಿಲ ಚೌಕಟ್ಟು ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಅಳೆದಾಗ ಎರಡು ಕರ್ಣಗಳಿಗೆ ಕಾಲು ಅಂಗುಲದ ವ್ಯತ್ಯಾಸವಿತ್ತು. ಆದರೂ 45 ಡಿಗ್ರಿಯನ್ನೇ ನಂಬಿ ಕತ್ತರಿಸಿದ ಮೊದಲ ಜೋಡಿಯ ಮೂಲೆ ಬಾಯಿಬಿಟ್ಟು ನಿಂತಿತು, ಒಂದು ಇಡೀ ಪಟ್ಟಿ ವ್ಯರ್ಥವಾಯಿತು. ಆಮೇಲೆ ಪ್ರತಿ ಮೂಲೆಯ ಕೋನವನ್ನು ಅಳೆದು, ಪಟ್ಟಿಯ ಅಂಚಿನಿಂದ ಅದರ ಅರ್ಧ ಕೋನದಲ್ಲಿ ಕತ್ತರಿಸುವಂತೆ ಗರಗಸವನ್ನು ತಿರುಗಿಸಿ, ಮೊದಲು ತುಂಡು ಮರದಲ್ಲಿ ಕತ್ತರಿಸಿ ನೋಡಿದೆ. ಮೇಲಿನ ಪಟ್ಟಿಯನ್ನು ರಸಮಟ್ಟಕ್ಕೆ ಕೂರಿಸುವ ಆಸೆಯನ್ನೂ ಬಿಟ್ಟೆ. ಚೌಕಟ್ಟಿನ ಅಂಚಿನಿಂದ ಎಲ್ಲೆಡೆ ಒಂದೇ ಸಮನಾಗಿ 5 ಮಿ.ಮೀ. ಬಿಟ್ಟು ಕೂರಿಸಿದರೆ ಓರೆ ಕಣ್ಣಿಗೆ ಬೀಳುವುದಿಲ್ಲ. ಮಟ್ಟಕ್ಕೆ ಕೂರಿಸಿದ್ದರೆ ಆ ಅಂತರ ಒಂದು ಕಡೆ ಹೆಚ್ಚಿ, ಇನ್ನೊಂದು ಕಡೆ ಕುಗ್ಗಿ, ದೋಷವನ್ನು ಎತ್ತಿ ತೋರಿಸುತ್ತಿತ್ತು.

ಬಣ್ಣ ಬಳಿಯುವುದು ಭಾನುವಾರ ಮುಗಿಯಿತು. ಮಲಗುವ ಕೋಣೆಗಳ ಎರಡು ಬಾಗಿಲುಗಳು ಇನ್ನೂ ಬಾಕಿ ಇವೆ. ಅವುಗಳ ನಾಲ್ಕೂ ಮೇಲ್ಮೂಲೆಗಳ ಕೋನಗಳನ್ನು ಅಳೆದು, ಹೊಸ ಪಟ್ಟಿ ಮುಚ್ಚುವ ಜಾಗದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.