ಮನೆಯಡುಗೆಗೆ ಒಂದು ನಕಿರಿ ಚಾಕು

ಜಪಾನಿನ ತರಕಾರಿ ಚಾಕು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಉಕ್ಕಿನ ಹೆಸರನ್ನು, ಆಮೇಲೆ ಅಲಗಿನ ಮೇಲೆ ಅಲೆಅಲೆಯಾಗಿ ಕಾಣುವ ವಿನ್ಯಾಸವನ್ನು. ಇವೆರಡಕ್ಕೂ ನಾನು ಅಷ್ಟು ಮಹತ್ವ ಕೊಡುವುದಿಲ್ಲ. ದಿನವೂ ತರಕಾರಿ ಹೆಚ್ಚುವ ಕೈಗೆ ನಿಜವಾಗಿ ತಿಳಿಯುವುದು ಚಾಕುವಿನ ಬಾಯಿಯ ಹಿಂದೆ ಅಲಗು ಎಷ್ಟು ತೆಳುವಾಗಿದೆ ಎಂಬುದು. ಅದರ ಜೊತೆಗೆ, ಆ ತೆಳುವನ್ನು ಕಾಪಾಡಿಕೊಳ್ಳಲು ಆಗಾಗ ಸಾಣೆಕಲ್ಲಿನ ಮುಂದೆ ನಿಲ್ಲುವ ಮನಸ್ಸು ತಮಗಿದೆಯೇ ಎಂದು ಕೊಳ್ಳುವವರು ತಮ್ಮನ್ನೇ ಕೇಳಿಕೊಳ್ಳಬೇಕು. ಈ ಎರಡು ಸಂಗತಿಗಳು ಇತ್ಯರ್ಥವಾದರೆ ಉಳಿದ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಕಷ್ಟವಲ್ಲ.

ಜಪಾನಿನಲ್ಲಿ ತರಕಾರಿಗೆಂದೇ ಮೀಸಲಾದ ಚಾಕುಗಳು ಮುಖ್ಯವಾಗಿ ಎರಡು: ನಕಿರಿ ಮತ್ತು ಉಸುಬಾ. ದೂರದಿಂದ ನೋಡಿದರೆ ಎರಡೂ ಚೂಪು ಮೂತಿಯಿಲ್ಲದ ಆಯತಾಕಾರದ ಅಲಗುಗಳಂತೆಯೇ ಕಂಡರೂ ಅವುಗಳ ಸ್ವಭಾವ ಪೂರ್ತಿ ಬೇರೆ. ಉಸುಬಾ ವೃತ್ತಿಪರ ಬಾಣಸಿಗರ ಸಾಧನ. ಅದರ ಒಂದು ಮಗ್ಗುಲನ್ನು ಮಾತ್ರ ಇಳಿಜಾರಾಗಿ ಮಸೆದಿರುತ್ತಾರೆ, ಇನ್ನೊಂದು ಮಗ್ಗುಲು ನಡುವೆ ತುಸು ತಗ್ಗಾಗಿರುತ್ತದೆ. ಡೈಕನ್ ಮೂಲಂಗಿಯ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ, ಎಲ್ಲಿಯೂ ಹರಿಯದಂತೆ, ಆಚೆಯ ಬೆಳಕು ಕಾಣುವಷ್ಟು ತೆಳುವಾದ ಉದ್ದನೆಯ ಹಾಳೆಯಾಗಿ ಬಿಡಿಸುವ ಕತ್ಸುರಮುಕಿ ಎಂಬ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಚಾಕು. ಟೋಕಿಯೊ ಕಡೆಯ ಉಸುಬಾದ ತುದಿ ಚೌಕವಾಗಿದ್ದರೆ, ಒಸಾಕಾ ಮತ್ತು ಕ್ಯೋಟೊ ಕಡೆಯ ಕಾಮಗತಾ ಉಸುಬಾದಲ್ಲಿ ಬೆನ್ನು ತುದಿಯ ಹತ್ತಿರ ಬಾಗಿ ಇಳಿದು ಬಾಯಿಯನ್ನು ಸೇರುತ್ತದೆ. ಆದರೆ ಮನೆಯ ಕೆಲಸದಲ್ಲಿ, ಅಂದರೆ ಒಂದು ಎಲೆಕೋಸನ್ನೋ ದಪ್ಪ ಗೆಣಸನ್ನೋ ಮಣೆಯ ಮೇಲಿಟ್ಟು ನೇರವಾಗಿ ಕೊಯ್ಯುವಾಗ, ಒಂದೇ ಮಗ್ಗುಲು ಮಸೆದ ಅಲಗು ಪಕ್ಕಕ್ಕೆ ಎಳೆಯುತ್ತದೆ. ಅದನ್ನು ನೇರಕ್ಕೆ ತರಲು ಕೈಗೆ ಪ್ರತ್ಯೇಕ ಅಭ್ಯಾಸವೇ ಬೇಕು. ಎಡಗೈಯವರಾದರೆ ಎಡಗೈಗೆಂದೇ ಮಾಡಿದ ಉಸುಬಾ ಕೊಳ್ಳಬೇಕಾಗುತ್ತದೆ. ಮಸೆಯುವ ಕ್ರಮವೂ ಬೇರೆ, ತಪ್ಪಿದರೆ ಸರಿಪಡಿಸುವುದೂ ಕಷ್ಟ. ಹಾಗಾಗಿ ಮನೆಗೆ ಉಸುಬಾ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಎರಡೂ ಮಗ್ಗುಲನ್ನು ಮಸೆದ ನಕಿರಿ ಸಾಕು. ಅದು ಮೊದಲಿನಿಂದಲೂ ಮನೆಯ ಚಾಕುವೇ.

ನಕಿರಿಯ ಬಾಯಿ ಹೆಚ್ಚುಕಡಿಮೆ ನೇರವಾಗಿರುತ್ತದೆ, ಆದ್ದರಿಂದ ಒಂದೇ ಇಳಿತಕ್ಕೆ ಅದು ಉದ್ದಕ್ಕೂ ಮಣೆಯನ್ನು ಮುಟ್ಟುತ್ತದೆ. ಈರುಳ್ಳಿ ಸೊಪ್ಪಿನ ತುಂಡುಗಳು ಕೆಳಗೆ ಒಂದಕ್ಕೊಂದು ಅಂಟಿಕೊಂಡು ಸರದಂತೆ ಎದ್ದು ಬರುವ ಕಿರಿಕಿರಿ ಇದರಲ್ಲಿ ಕಡಿಮೆ. ಮನೆಗೆ 165 ಮಿಲಿಮೀಟರ್ ಉದ್ದದ ಅಲಗು ಸರಿಯಾದ ಅಳತೆ; ದೊಡ್ಡ ಮಣೆಯೂ ದೊಡ್ಡ ಕೈಯೂ ಇದ್ದವರು 180ಕ್ಕೆ ಹೋಗಬಹುದು. ಅಲಗಿನ ಎತ್ತರ ಸುಮಾರು 50 ಮಿಲಿಮೀಟರ್ ಇದ್ದರೆ ಬೆರಳಿನ ಗೆಣ್ಣುಗಳು ಮಣೆಗೆ ತಗಲುವುದಿಲ್ಲ, ತರಕಾರಿಯನ್ನು ಹಿಡಿದ ಇನ್ನೊಂದು ಕೈಯ ಮಡಿಸಿದ ಬೆರಳುಗಳಿಗೆ ಅಲಗು ಗೋಡೆಯಂತೆ ಆನಿಕೊಂಡು ಚಲಿಸುತ್ತದೆ, ಹೆಚ್ಚಿದ್ದನ್ನು ಬಾಚಿ ಪಾತ್ರೆಗೆ ಹಾಕುವುದಕ್ಕೂ ಅನುಕೂಲ. ಆದರೆ ಚಾಕುವಿನ ತುದಿಯನ್ನು ಮಣೆಯ ಮೇಲೆ ಊರಿ ಹಿಂಭಾಗವನ್ನು ಮಾತ್ರ ಮೇಲೆ ಕೆಳಗೆ ತೂಗುತ್ತಾ ಕೊಚ್ಚುವ ರೂಢಿ ನಿಮ್ಮದಾಗಿದ್ದರೆ ನಕಿರಿ ನಿಮ್ಮ ಚಾಕುವಲ್ಲ. ಇದನ್ನು ನೇರವಾಗಿ ಕೆಳಕ್ಕೆ ಇಳಿಸಬೇಕು, ಅಥವಾ ತುಸು ಮುಂದಕ್ಕೆ ತಳ್ಳುತ್ತಾ ಇಳಿಸಬೇಕು. ರೂಢಿ ಬಿಡಲಾಗದವರಿಗೆ ಬಾಯಿ ಸ್ವಲ್ಪ ಬಾಗಿರುವ, ತುದಿಯೂ ಇರುವ ಸಾಂತೊಕು ಒಳ್ಳೆಯದು. ಅದು ಮಾಂಸಕ್ಕೂ ಮೀನಿಗೂ ಆಗುತ್ತದೆ. ಮನೆಯಲ್ಲಿ ಒಂದೇ ಚಾಕು ಇರಬೇಕೆಂಬ ಹಟವಿದ್ದರೆ ನಾನೂ ಸಾಂತೊಕುವನ್ನೇ ಸೂಚಿಸುತ್ತೇನೆ. ತರಕಾರಿಯೇ ಹೆಚ್ಚಾಗಿರುವ ಅಡುಗೆಮನೆಯಲ್ಲಿ, ತೊಟ್ಟು ತೆಗೆಯಲು ಇನ್ನೊಂದು ಸಣ್ಣ ಚಾಕು ಜೊತೆಗಿದ್ದರೆ, ನಕಿರಿ ಕೊಡುವ ಸುಖವನ್ನು ಸಾಂತೊಕು ಕೊಡಲಾರದು.

ಈಗ ತೆಳುವಿನ ವಿಷಯ. ಮಾರುವವರು ಸಾಮಾನ್ಯವಾಗಿ ಹೇಳುವುದು ಬೆನ್ನಿನ ದಪ್ಪವನ್ನು. ಎರಡು ಮಿಲಿಮೀಟರ್ ಬೆನ್ನಿನ ಚಾಕು ಮೂರು ಮಿಲಿಮೀಟರಿನದಕ್ಕಿಂತ ಚೆನ್ನಾಗಿ ಕೊಯ್ಯುತ್ತದೆ ಎಂದು ತೋರುವುದು ಸಹಜವಾದರೂ ಆ ಅಳತೆಯೊಂದರಿಂದ ಏನೂ ತೀರ್ಮಾನವಾಗುವುದಿಲ್ಲ, ಏಕೆಂದರೆ ಬೆನ್ನಿನಿಂದ ಬಾಯಿಯವರೆಗೆ ಅಲಗು ಯಾವ ರೀತಿ ಸಣ್ಣದಾಗುತ್ತಾ ಬಂದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದಪ್ಪ ಬೆನ್ನಿದ್ದೂ ಬಾಯಿಯ ಹತ್ತಿರ ಕಾಗದದಷ್ಟು ತೆಳುವಾಗುವ ಚಾಕುಗಳಿವೆ. ಬೆನ್ನು ತೆಳುವಾಗಿದ್ದೂ ಬಾಯಿಯ ಸಮೀಪದವರೆಗೆ ಅದೇ ದಪ್ಪ ಉಳಿಸಿಕೊಂಡಿರುವುವೂ ಇವೆ. ಇದನ್ನು ಪರೀಕ್ಷಿಸಲು ಕ್ಯಾರೆಟ್‌ನಂಥ ಗುರು ಇನ್ನೊಂದಿಲ್ಲ. ದಪ್ಪ ಕ್ಯಾರೆಟ್ಟಿಗೆ ಚಾಕು ಇಳಿಸಿದಾಗ, ಬಾಯಿ ಎಷ್ಟೇ ಹರಿತವಾಗಿದ್ದರೂ ಅದರ ಹಿಂದಿನ ಭಾಗ ದಪ್ಪವಾಗಿದ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಅಲಗು ಬೆಣೆಯಾಗಿ ನಿಂತು, ಕ್ಯಾರೆಟ್ ಬಾಯಿಗಿಂತ ಮುಂಚೆಯೇ ಟಕ್ಕೆಂದು ಸೀಳಿಹೋಗುತ್ತದೆ, ಹೋಳಿನ ಮೈ ಒರಟಾಗಿರುತ್ತದೆ. ತೆಳುವಾದ ಅಲಗಿನಲ್ಲಿ ಸದ್ದು ಬರುವುದು ಮಣೆಗೆ ತಾಗಿದಾಗ ಮಾತ್ರ. ಅಂಗಡಿಯಲ್ಲಿ ಕೊಯ್ದು ನೋಡುವ ಅವಕಾಶವಿಲ್ಲದಿದ್ದರೆ ಹಿಡಿಯ ಕಡೆಯಿಂದ ಅಲಗಿನ ಹಿಂತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಬೇಕು. ಬೆನ್ನಿನಿಂದ ಬಾಯಿಗೆ ಇಳಿಯುವ ಆಕಾರ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವವರು ಈ ಕೋನದ ಚಿತ್ರವನ್ನು ಕೇಳಿ ತರಿಸಿಕೊಳ್ಳಬೇಕು.

ಹರಿತವಾದ, ತೆಳುವಾದ ಅಲಗಿನ ಲಾಭ ಕೈಗಷ್ಟೇ ಅಲ್ಲ, ತರಕಾರಿಗೂ ಉಂಟು. ಮೊಂಡು ಚಾಕು ಕೋಶಗಳನ್ನು ಜಜ್ಜುತ್ತದೆ, ರಸ ಮಣೆಯ ಮೇಲೆ ಹರಿಯುತ್ತದೆ, ಸೊಪ್ಪಿನ ಅಂಚು ಬೇಗ ಕಪ್ಪಾಗುತ್ತದೆ, ಈರುಳ್ಳಿ ಕಣ್ಣಿಗೆ ಹೆಚ್ಚು ಖಾರವಾಗುತ್ತದೆ. ಹಾಗೆಂದು ತೆಳುವಿಗೆ ಮಿತಿಯೇ ಇಲ್ಲವೆಂದಲ್ಲ. ಗಟ್ಟಿ ಸಿಪ್ಪೆಯ ಕುಂಬಳಕಾಯಿಯನ್ನು ಅತಿ ತೆಳುವಾದ ಅಲಗಿನಿಂದ ಒಡೆಯಲು ಹೋದರೆ ಬಾಯಿಯ ಚೂರು ಎಗರುವ ಸಂಭವವಿದೆ, ಮತ್ತು ಚಪ್ಪಟೆಯಾದ ತೆಳು ಅಲಗಿಗೆ ಆಲೂಗಡ್ಡೆಯ ಹೋಳುಗಳು ಬಿಡದೆ ಅಂಟಿಕೊಳ್ಳುತ್ತವೆ. ಅಲಗಿನ ಮೈ ತುಸು ಉಬ್ಬಿರುವಂತೆ ಮಸೆದಿದ್ದರೆ ಅಂಟು ಕಡಿಮೆಯಾಗುತ್ತದೆ. ಸುತ್ತಿಗೆಯ ಗುರುತುಗಳಿರುವ ಮೈ ಇದಕ್ಕೆ ಪರಿಹಾರವೆಂದು ಹೇಳುವುದನ್ನು ಕೇಳಿದ್ದೇನೆ. ಗುರುತುಗಳು ಹೆಚ್ಚಾಗಿ ಬೆನ್ನಿನ ಕಡೆಗೇ ಇರುವುದರಿಂದ ಅವುಗಳ ಉಪಕಾರ ಅಲ್ಪವೇ.

ಉಕ್ಕಿನ ಹೆಸರುಗಳಿಗೆ ಬರೋಣ. ಒಳ್ಳೆಯ ಜಪಾನಿ ನಕಿರಿಯ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ ಸಾಮಾನ್ಯವಾಗಿ 60ರಿಂದ 63ರ ನಡುವೆ ಇರುತ್ತದೆ. ಜರ್ಮನ್ ಮಾದರಿಯ ಚಾಕುಗಳದ್ದು 56ರಿಂದ 58ರ ಆಸುಪಾಸು. ಗಡಸಾದ ಉಕ್ಕು ಕಿರಿದಾದ ಕೋನದ ಬಾಯಿಯನ್ನು ಮಡಿಚಿಕೊಳ್ಳದೆ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಬಾಗುವ ಬದಲು ಮುರಿಯುತ್ತದೆ. ಶಿಮಾನೆ ಪ್ರಾಂತ್ಯದ ಯಸುಗಿಯಲ್ಲಿ ಹಿತಾಚಿ ಮೆಟಲ್ಸ್ ಸಂಸ್ಥೆ, 2023ರಿಂದ ಪ್ರೊಟೀರಿಯಲ್ ಎಂಬ ಹೆಸರಿನಲ್ಲಿ, ತಯಾರಿಸುವ ಉಕ್ಕುಗಳಲ್ಲಿ ಶಿರೊಗಾಮಿ ಎಂಬ ಬಿಳಿ ಮತ್ತು ಅವೊಗಾಮಿ ಎಂಬ ನೀಲಿ ಉಕ್ಕುಗಳು ಹೆಸರಾದವು. ಬಣ್ಣ ಉಕ್ಕಿನದಲ್ಲ, ಅದಕ್ಕೆ ಹಚ್ಚುವ ಕಾಗದದ್ದು. ಎರಡನೆಯ ನಂಬರಿನ ಬಿಳಿ ಉಕ್ಕಿನಲ್ಲಿ ಶೇ. 1.05ರಿಂದ 1.15ರಷ್ಟು ಇಂಗಾಲವಿದ್ದು ಬೇರೆ ಬೆರಕೆ ತೀರ ಕಡಿಮೆ; ಸಾಣೆಕಲ್ಲಿನ ಮೇಲೆ ಅದು ಸುಲಭವಾಗಿ ಮಾತು ಕೇಳುತ್ತದೆ. ನೀಲಿಯಲ್ಲಿ ಕ್ರೋಮಿಯಂ ಮತ್ತು ಟಂಗ್‌ಸ್ಟನ್ ಸೇರಿರುವುದರಿಂದ ಬಾಯಿ ಹೆಚ್ಚು ಕಾಲ ಬಾಳುತ್ತದೆ, ಮಸೆಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಎರಡಕ್ಕೂ ತುಕ್ಕು ಹಿಡಿಯುತ್ತದೆ. ಟೊಮೇಟೊ, ನಿಂಬೆ ಮುಟ್ಟಿದ ಚಾಕುವನ್ನು ಹಾಗೆಯೇ ಬಿಟ್ಟು ಒಲೆಯ ಕಡೆ ಹೋದರೆ, ವಾಪಸು ಬರುವಷ್ಟರಲ್ಲಿ ಕಲೆ ಮೂಡಿರುತ್ತದೆ. ಬಳಸುತ್ತಾ ಹೋದಂತೆ ಅಲಗಿನ ಮೇಲೆ ನೀಲಿ ಬೂದು ಬಣ್ಣದ ಪದರ ಕೂಡಿಕೊಂಡು ಅದು ತಕ್ಕಮಟ್ಟಿಗೆ ರಕ್ಷಣೆ ಕೊಡುತ್ತದೆ, ಆದರೆ ಒರೆಸಿ ಒಣಗಿಸುವ ಕೆಲಸ ಮಾತ್ರ ತಪ್ಪುವುದಿಲ್ಲ.

ತುಕ್ಕು ಹಿಡಿಯದ ಉಕ್ಕು ಬೇಕೆನ್ನುವವರಿಗೆ ಫುಕುಯಿ ಪ್ರಾಂತ್ಯದ ತಕೆಫು ಸ್ಪೆಷಲ್ ಸ್ಟೀಲ್ ಸಂಸ್ಥೆಯ ವಿಜಿ-10 ಸುಪರಿಚಿತ. ಅದರಲ್ಲಿ ಸುಮಾರು ಶೇ. 1 ಇಂಗಾಲ, ಶೇ. 15 ಕ್ರೋಮಿಯಂ ಇರುತ್ತದೆ. ಯಸುಗಿಯ ಗಿನ್‌ಸಾನ್ ನನಗೆ ಹೆಚ್ಚು ಇಷ್ಟವಾದದ್ದು, ಏಕೆಂದರೆ ಮಸೆಯುವಾಗ ಅದು ಇಂಗಾಲದ ಉಕ್ಕಿನ ಹತ್ತಿರಕ್ಕೆ ಬರುತ್ತದೆ. ಎಸ್‌ಜಿ2ನಂಥ ಪುಡಿಲೋಹದ ಉಕ್ಕುಗಳ ಬಾಯಿ ಬಹುಕಾಲ ನಿಲ್ಲುತ್ತದೆ ನಿಜ, ಆದರೆ ಮೊಂಡಾದ ಮೇಲೆ ಹೊಸಬರ ಕೈಯಲ್ಲಿ ಅದನ್ನು ಮತ್ತೆ ಹರಿತಕ್ಕೆ ತರುವುದು ದೀರ್ಘ ಕೆಲಸ. ಮನೆಯಲ್ಲಿ ನಾಲ್ಕಾರು ಕೈಗಳು ಒಂದೇ ಚಾಕುವನ್ನು ಬಳಸುವುದಾದರೆ ವಿಜಿ-10 ಅಥವಾ ಗಿನ್‌ಸಾನ್ ಕೊಳ್ಳುವುದು ವಿವೇಕ. ಒಬ್ಬರೇ ಬಳಸುವುದಾದರೆ, ನಡುವೆ ಬಿಳಿ ಅಥವಾ ನೀಲಿ ಉಕ್ಕಿದ್ದು ಎರಡೂ ಬದಿಗೆ ಸ್ಟೇನ್‌ಲೆಸ್ ಹೊದಿಕೆಯಿರುವ ಚಾಕುವನ್ನು ನಾನು ಎಲ್ಲಕ್ಕಿಂತ ಮೇಲೆಂದು ಎಣಿಸುತ್ತೇನೆ: ಹೊರಗೆ ಕಾಣುವ ಬಾಯಿಯ ಕಿರು ಪಟ್ಟಿಯನ್ನಷ್ಟೇ ಜೋಪಾನ ಮಾಡಿದರಾಯಿತು. ಒಂದೇ ಹೆಸರಿನ ಉಕ್ಕು ಇಬ್ಬರು ಕಮ್ಮಾರರ ಕೈಯಲ್ಲಿ ಎರಡು ಬಗೆಯಾಗುತ್ತದೆ ಎಂಬುದನ್ನೂ ಮರೆಯಬಾರದು. ಹದ ಕೊಡುವಾಗಿನ ಕಾವು ಸ್ವಲ್ಪ ಏರುಪೇರಾದರೂ ಹೆಸರು ಉಪಯೋಗಕ್ಕೆ ಬಾರದು. ಡಮಾಸ್ಕಸ್ ಎಂದು ಕರೆಯುವ ಅಲೆಗಳ ವಿನ್ಯಾಸ ಸಾಮಾನ್ಯವಾಗಿ ಈ ಹೊರಹೊದಿಕೆಯಲ್ಲೇ ಇರುತ್ತದೆ. ಕೊಯ್ಯುವ ಬಾಯಿಗೂ ಅದಕ್ಕೂ ಸಂಬಂಧವಿಲ್ಲ. ಕಣ್ಣಿಗೆ ಹಿತವೆನಿಸಿದರೆ ಕೊಳ್ಳಬಹುದು, ಹರಿತಕ್ಕಾಗಿ ಕೊಳ್ಳುವಂಥದ್ದಲ್ಲ.

ಊರುಗಳ ಹೆಸರಿಗೂ ಒಂದಿಷ್ಟು ಅರ್ಥವಿದೆ. ಒಸಾಕಾದ ಪಕ್ಕದ ಸಕಾಯ್ ನಗರ ತಂಬಾಕು ಕತ್ತರಿಸುವ ಚಾಕುಗಳಿಂದ ಹೆಸರು ಮಾಡಿ, ಕ್ರಮೇಣ ವೃತ್ತಿಪರ ಬಾಣಸಿಗರ ಒಂದೇ ಮಗ್ಗುಲಿನ ಚಾಕುಗಳ ಕೇಂದ್ರವಾಯಿತು. ಅಲ್ಲಿ ಬಡಿಯುವವರು, ಮಸೆಯುವವರು, ಹಿಡಿ ಕೂರಿಸುವವರು ಬೇರೆ ಬೇರೆ ಕುಶಲಿಗರು. ಗಿಫು ಪ್ರಾಂತ್ಯದ ಸೆಕಿ ಖಡ್ಗ ತಯಾರಿಕೆಯ ಹಳೆಯ ಊರು, ಇಂದು ಕಾರ್ಖಾನೆಯ ಚಾಕುಗಳು ಅಲ್ಲಿಂದ ಹೇರಳವಾಗಿ ಬರುತ್ತವೆ. ನಕಿರಿಯ ಮಟ್ಟಿಗೆ ನನ್ನ ಕಣ್ಣು ಹೋಗುವುದು ಫುಕುಯಿಯ ಎಚಿಜೆನ್ ಕಡೆಗೆ. 1979ರಲ್ಲಿ ಸರ್ಕಾರದಿಂದ ಸಾಂಪ್ರದಾಯಿಕ ಕರಕುಶಲವೆಂಬ ಮನ್ನಣೆ ಪಡೆದ ಅಲ್ಲಿನ ಕಮ್ಮಾರಿಕೆಯಲ್ಲಿ ಎರಡು ಅಲಗುಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಬಡಿಯುವ ಪದ್ಧತಿಯಿದೆ. ಎರಡು ಸೇರಿದಾಗ ದಪ್ಪ ಹೆಚ್ಚುವುದರಿಂದ ಕಾವು ಬೇಗ ಇಳಿಯುವುದಿಲ್ಲ, ಪೆಟ್ಟು ಸಮನಾಗಿ ಹರಡುತ್ತದೆ, ಅಲಗು ಏರುಪೇರಿಲ್ಲದೆ ತೆಳುವಾಗುತ್ತದೆ. ನಿಯಿಗಾತಾದ ಸಾಂಜೊ ಮತ್ತು ಕೋಚಿಯ ತೋಸಾ ಕಡೆಗಳಿಂದ ಬರುವ, ಕುಲುಮೆಯ ಕಪ್ಪನ್ನು ಮೈಮೇಲೆ ಹಾಗೆಯೇ ಉಳಿಸಿಕೊಂಡ ನಕಿರಿಗಳು ನೋಡಲು ಒರಟಾದರೂ ಕೆಲಸದಲ್ಲಿ ಒಳ್ಳೆಯವು.

ಹಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊನೊಕಿ ಮರದ ಎಂಟು ಮೂಲೆಯ ಹಿಡಿ ಹಗುರವಾಗಿರುತ್ತದೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಅಲಗಿನ ಬೆನ್ನು ಮತ್ತು ಹಿಂತುದಿಯ ಅಂಚುಗಳನ್ನು ಉಜ್ಜಿ ನಯ ಮಾಡಿದ್ದಾರೆಯೇ ಎಂದು ಬೆರಳಿಟ್ಟು ನೋಡಿ. ಮಾಡಿರದಿದ್ದರೆ ತೋರುಬೆರಳಿನ ಬುಡಕ್ಕೆ ಜಡ್ಡು ಕಟ್ಟುತ್ತದೆ.

ಚಾಕುವಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಸಾಣೆಕಲ್ಲಿಗೂ ಮಣೆಗೂ ಮೊದಲೇ ಎತ್ತಿಡಬೇಕು. ಸಾವಿರ ನಂಬರಿನ ಒಂದು ಕಲ್ಲಿನಿಂದ ಆರಂಭಿಸಬಹುದು, ಮೂರು ಸಾವಿರದಿಂದ ಆರು ಸಾವಿರದೊಳಗಿನ ಇನ್ನೊಂದನ್ನು ಆಮೇಲೆ ಕೊಂಡರೂ ನಡೆದೀತು. ಪ್ರತಿ ಮಗ್ಗುಲಿಗೆ ಹತ್ತರಿಂದ ಹದಿನೈದು ಡಿಗ್ರಿ ಕೋನದಲ್ಲಿ, ಎದುರು ಮಗ್ಗುಲಿನ ಅಂಚಿನ ಉದ್ದಕ್ಕೂ ಬೆರಳಿಗೆ ಸಣ್ಣ ಒರಟು ಸಿಗುವವರೆಗೆ ಮಸೆದು, ಅನಂತರ ಮಗುಚಿ ಅದನ್ನು ತೆಗೆಯಬೇಕು. ಚಕ್ರಗಳ ನಡುವೆ ಚಾಕುವನ್ನು ಎಳೆಯುವ ಸಣ್ಣ ಯಂತ್ರಗಳೂ, ಗೀರುಗಳಿರುವ ಉಕ್ಕಿನ ಸರಳೂ ಈ ಗಡಸು ಬಾಯಿಗೆ ಹೊಂದುವುದಿಲ್ಲ. ಮಣೆ ಮರದ್ದೋ ಮೆತ್ತನೆಯ ರಬ್ಬರಿನದೋ ಇರಲಿ. ಗಾಜು ಮತ್ತು ಕಲ್ಲು ಬೇಡವೇ ಬೇಡ. ಬಾಯಿ ಹಾಳಾಗುವುದು ಬಹುಮಟ್ಟಿಗೆ ಕೊಯ್ಯುವುದರಿಂದಲ್ಲ, ಅಲಗು ತರಕಾರಿಯೊಳಗೆ ಸಿಕ್ಕಾಗ ಅದನ್ನು ತಿರುಚುವುದರಿಂದ, ಹೆಪ್ಪುಗಟ್ಟಿದ ಪದಾರ್ಥಕ್ಕೆ ಇಳಿಸುವುದರಿಂದ, ಹೆಚ್ಚಿದ್ದನ್ನು ಬಾಯಿಯಿಂದಲೇ ಮಣೆಯ ಮೇಲೆ ಕೆರೆದು ಒಟ್ಟುಮಾಡುವುದರಿಂದ. ಒಟ್ಟುಮಾಡಲು ಚಾಕುವನ್ನು ಮಗುಚಿ ಬೆನ್ನನ್ನು ಬಳಸಿ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದರೆ ಹಿಡಿಯೂ ಹೋಗುತ್ತದೆ, ಬಾಯಿಯೂ ಹೋಗುತ್ತದೆ.

ಇನ್ನೊಂದು ಸಂಗತಿ ಕೊಳ್ಳುವ ದಿನವೇ ಗೊತ್ತಿರಬೇಕು. ಪ್ರತಿ ಸಲ ಮಸೆದಾಗಲೂ ಬಾಯಿ ಕೂದಲೆಳೆಯಷ್ಟು ಬೆನ್ನಿನ ಕಡೆಗೆ ಸರಿಯುತ್ತದೆ, ಬೆನ್ನಿನ ಕಡೆಗೆ ಅಲಗು ದಪ್ಪವಾಗಿರುವುದರಿಂದ ಕೆಲವು ವರ್ಷಗಳ ಮೇಲೆ ಕಾಗದವನ್ನು ಸರಾಗವಾಗಿ ಸೀಳುವ ಚಾಕುವೇ ಕ್ಯಾರೆಟ್ಟಿನಲ್ಲಿ ಬೆಣೆಯಾಗಿ ನಿಲ್ಲಲು ಶುರುವಾಗುತ್ತದೆ. ಆಗ ಅಲಗನ್ನು ಒರಟು ಕಲ್ಲಿನ ಮೇಲೆ ಹೆಚ್ಚುಕಡಿಮೆ ಮಲಗಿಸಿ ಬಾಯಿಯ ಹಿಂದಿನ ಭಾಗವನ್ನು ಸವೆಸಬೇಕು. ಹೊಳಪು ಕೊಟ್ಟ ಮೈಯಾಗಲಿ ಅಲೆಗಳ ವಿನ್ಯಾಸವಾಗಲಿ ಈ ಕೆಲಸದಲ್ಲಿ ಗೀರುಬೀಳದೆ ಉಳಿಯುವುದಿಲ್ಲ, ಸಾದಾ ಮೈಯ ಚಾಕುವಿಗೆ ಆ ಚಿಂತೆಯಿಲ್ಲ. ಸ್ವತಃ ಮಾಡುವ ಧೈರ್ಯವಿಲ್ಲದವರು ಮಾರುವವರ ಬಳಿ ಅಲಗು ತೆಳುಮಾಡಿಕೊಡುವ ವ್ಯವಸ್ಥೆಯಿದೆಯೇ ಎಂದು ವಿಚಾರಿಸಿಕೊಂಡು, ಇದ್ದರೆ ಅಲ್ಲಿಯೇ ಕೊಳ್ಳುವುದು ಮೇಲು.